ಬೀಚ್ ಯಾವುದಾದರೂ ಇರಲಿ, ರೂಮಿನಿಂದ ಮರಳಿಗೆ ಎಷ್ಟು ಮೆಟ್ಟಿಲು ಅಂತ ಮೊದಲು ಕೇಳಿ

ಡಿಸೆಂಬರ್ ಕೊನೆಯ ವಾರ, ಎರಡು ಮನೆಯವರು, ಮೊಣಕಾಲು ನೋವಿನ ಅತ್ತೆ, ಸಣ್ಣ ಮಕ್ಕಳು, ವಿಜಯಪುರದಿಂದ ಎರಡು ರಾತ್ರಿ. ಗೋವಾ, ಗೋಕರ್ಣ, ಮಾಲ್ವಣ ಈ ಮೂರರಲ್ಲಿ ಎಲ್ಲರಿಗೂ ಆರಾಮ್ ಅನ್ನಿಸೋ ಬೀಚ್ ಯಾವುದು ಅಂತ ಕೇಳಿದ್ದೀರಿ. ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ಅತ್ತೆ ಇದ್ದ ಕಡೆ ಅವ್ವ ಅಂತ ಬರೆದು, ವಿಜಯಪುರ ಹೊಡೆದು ಬಾಗಲಕೋಟೆ ಅಂತ ಹಾಕಿದರೆ ಇದು ನಾನೇ ಕೇಳಿದ್ದ ಪ್ರಶ್ನೆ. ಆಗ ಎಲ್ಲರೂ ಗೋಕರ್ಣ ಅಂದರು. ಹೋದೆವು.

ಗೋಕರ್ಣದ್ದು ಏನೂ ತಪ್ಪಿಲ್ಲ. ತಪ್ಪಿದ್ದು ನಾನು ಹಿಡಿದ ರೂಮಿನದು.

ಬಾಗಲಕೋಟೆಯ ನವನಗರದಿಂದ ಬೆಳಕು ಹರಿಯೋ ಮುಂಚೆ ಕ್ರೂಸರ್ ಗಾಡಿ ಹತ್ತಿದೆವು. ನಾನು, ನಮ್ಮ ಮನೆಯವರು, ಅವ್ವ, ಅಣ್ಣ, ವೈನಿ, ಮಕ್ಕಳು. ಕೆರೂರು, ನರಗುಂದ, ನವಲಗುಂದ ದಾಟಿ ಹುಬ್ಬಳ್ಳಿ, ಅಲ್ಲಿಂದ ಯಲ್ಲಾಪುರ. ಯಲ್ಲಾಪುರ ದಾಟಿ ಮರದ ನೆರಳಿಗೆ ಬುತ್ತಿ ಬಿಚ್ಚಿದೆವು, ಕಟಕ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಊಟ ಆದಮೇಲೆ ಅರಬೈಲ್ ಘಾಟ್ ಇಳಿಯೋದು ಅಷ್ಟು ಜಾಣತನ ಅಲ್ಲ ಅಂತ ಅಣ್ಣನ ಮಗಳು ಎರಡನೇ ತಿರುವಿನಲ್ಲೇ ತೋರಿಸಿಕೊಟ್ಟಳು. ಮಕ್ಕಳಿಗೆ ಘಾಟ್ ಇಳಿದ ಮೇಲೆಯೇ ಊಟ ಕೊಡಿ.

ಇನ್ನು ರೂಮು. ಹುಡುಕೋ ಕೆಲಸ ನನ್ನ ಪಾಲಿಗೆ ಬಂದಿತ್ತು, ನಾನೂ ಎಷ್ಟೋ ರಾತ್ರಿ ಮೊಬೈಲ್ ಹಿಡ್ಕೊಂಡು ಕೂತಿದ್ದೆ. ಗದ್ದಲ ಬೇಡ, ನೀರು ಚೆನ್ನಾಗಿರಬೇಕು ಅಂತ ಕುಡ್ಲೆ ಬೀಚ್ ಕಡೆ ನೋಡಿದೆ. ಒಂದು ಕಡೆ ಫೋಟೋದಲ್ಲಿ ವರಾಂಡ, ವರಾಂಡದ ಮುಂದೆ ತೆಂಗಿನ ಗರಿ, ಗರಿಯ ಆಚೆ ಸಮುದ್ರ. ಮ್ಯಾಪಿನಲ್ಲಿ ಅಳೆದೆ, ಮುನ್ನೂರು ಮೀಟರ್ ಕೂಡ ಇಲ್ಲ. ಕೆಳಗೆ ಯಾರೋ ಬರೆದಿದ್ದರು, ರೂಮಿನಿಂದ ಬೀಚ್‌ಗೆ ಎರಡು ನಿಮಿಷ ಅಂತ. ಬರೆದವರು ಕಾಲೇಜು ಹುಡುಗರು ಇರಬೇಕು, ಇಳಿಯೋದಕ್ಕೆ ಎರಡು ನಿಮಿಷ ಸರಿ, ಹತ್ತೋದರ ಬಗ್ಗೆ ಅವರು ಬರೆದಿರಲಿಲ್ಲ. ಬಯಲು ಸೀಮೆಯವರಾದ ನಮಗೆ ಮುನ್ನೂರು ಮೀಟರ್ ಅಂದ್ರೆ ಮುನ್ನೂರು ಮೀಟರ್, ನವನಗರದಲ್ಲಿ ಅವ್ವ ದಿನಾ ಅದಕ್ಕಿಂತ ಜಾಸ್ತಿ ನಡೆಯುತ್ತಾಳೆ. ಮ್ಯಾಪಿನಲ್ಲಿ ಅಗಲ ಕಾಣುತ್ತೆ, ಎತ್ತರ ಕಾಣಲ್ಲ ಅನ್ನೋದು ತಲೆಗೇ ಬರಲಿಲ್ಲ. ಸಮುದ್ರ ಅಂದ್ರೆ ಸಪಾಟು ಅಂತ ತಲೆಯಲ್ಲಿ ಕೂತುಬಿಟ್ಟಿತ್ತು. ಆದರೆ ಗೋಕರ್ಣದಲ್ಲಿ ಗುಡ್ಡ ಸಮುದ್ರದವರೆಗೂ ಬಂದು ನಿಂತಿದೆ. ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್, ಒಂದೊಂದೂ ಒಂದೊಂದು ಗುಡ್ಡದ ಸಂದಿಯಲ್ಲಿ. ಕುಡ್ಲೆಗೂ ಓಂಗೂ ಗಾಡಿ ಮೇಲೆಯೇ ನಿಲ್ಲಿಸಿ ಇಳಿದು ಹೋಗಬೇಕು. ಹಾಫ್ ಮೂನ್, ಪ್ಯಾರಡೈಸ್‌ಗಂತೂ ಗುಡ್ಡ ಹತ್ತಿಳಿಯಬೇಕು, ಇಲ್ಲ ದೋಣಿ ಹಿಡಿಯಬೇಕು. ಇದೆಲ್ಲ ಎಲ್ಲರಿಗೂ ಗೊತ್ತಿರೋ ವಿಷಯ. ನಾನು ಕೇಳಲಿಲ್ಲ ಅಷ್ಟೇ. ಒಂದು ಫೋನು ಮಾಡಿ 'ನಮ್ಮ ಅವ್ವಗೆ ಮೊಣಕಾಲು ಬ್ಯಾನಿ ಐತ್ರಿ, ಗಾಡಿ ಎಲ್ಲಿವರೆಗೆ ಬರತೈತಿ' ಅಂತ ಕೇಳಿದ್ದರೆ ಮುಗೀತಿತ್ತು. ಫೋಟೋ ನೋಡಿ ಪೂರ್ತಿ ದುಡ್ಡು ಕಟ್ಟಿದೆ, ಅದೂ ವಾಪಸ್ ಬರದ ದರದಲ್ಲಿ, ಯಾಕಂದ್ರೆ ಅದು ಸ್ವಲ್ಪ ಕಮ್ಮಿ ಇತ್ತು.

ಗಾಡಿ ಗುಡ್ಡದ ಮೇಲೆ ನಿಂತಿತು. ರೂಮು ಅರ್ಧ ಇಳಿಜಾರಿನಲ್ಲಿ, ಬೀಚು ಅದರ ಕೆಳಗೆ. ಕೆಂಪು ಕಲ್ಲಿನ ಮೆಟ್ಟಿಲು, ಒಂದು ಗೇಣುದ್ದ, ಮುಂದಿನದು ಮೊಣಕಾಲುದ್ದ. ಹಿಡಿಯೋಕೆ ಕಂಬಿ ಇಲ್ಲ. ಮೊದಲ ದಿನ ಸಂಜೆ ಅಣ್ಣ ಒಂದು ಕಡೆ, ನಮ್ಮ ಮನೆಯವರು ಒಂದು ಕಡೆ ಹಿಡಿದು ಅವ್ವನ್ನ ಇಳಿಸಿದರು. ಅಡ್ಡ ತಿರುಗಿ, ಒಂದೇ ಕಾಲು ಮುಂದಿಟ್ಟು, ಎರಡನೇದನ್ನ ಅದರ ಪಕ್ಕಕ್ಕೆ ಎಳ್ಕೊಂಡು ಇಳಿದಳು. ಮರಳು ಮುಟ್ಟೋ ಹೊತ್ತಿಗೆ ಸೂರ್ಯ ಮುಳುಗಿದ್ದ. ಹತ್ತುವಾಗ ಮೊಬೈಲ್ ಬ್ಯಾಟರಿ ಬೆಳಕು. ನಡುವೆ ಎರಡು ಸಲ ಕುಂತಳು, ಏನೂ ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ನಾವು ಟವೆಲ್ ಹಿಡಿದು ಹೊರಟರೆ 'ನೀವು ಹೋಗಿ ಬರ್ರಿ, ನಾ ಇಲ್ಲೇ ಕುಂಡ್ರತೀನಿ' ಅಂದಳು. ವರಾಂಡದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಊರಿಂದ ತಂದ ಅರಳೆ ತೆಗೆದು ಬತ್ತಿ ಹೊಸೆದಳು. ಮಧ್ಯಾಹ್ನ ಬಂದು ನೋಡಿದರೆ ತೊಡೆ ಮೇಲೆ ಬತ್ತಿಯ ರಾಶಿ. ಆ ಕುರ್ಚಿಯಲ್ಲಿ ಕೂತರೆ ಗರಿಗಳ ಸಂದಿಯಲ್ಲಿ ನೀಲಿ ಪಟ್ಟಿ ಕಾಣುತ್ತಿತ್ತು ನಿಜ, ಫೋಟೋದಲ್ಲಿ ಸುಳ್ಳೇನೂ ಇರಲಿಲ್ಲ.

ಒಬ್ಬರು ಮೇಲೆ ಕೂತರೆ ಇನ್ನೊಬ್ಬರು ಅವರ ಜೊತೆ ಕೂರಬೇಕಲ್ವಾ? ವೈನಿ ಪಾಳಿ, ನನ್ನ ಪಾಳಿ, ಅಣ್ಣನ ಪಾಳಿ ಅಂತ ಹಚ್ಚಿದೆವು. ಕೆಳಗಿದ್ದವರಿಗೆ ಮೇಲಿನ ಚಿಂತೆ, ಮೇಲಿದ್ದವರಿಗೆ ಸಿಟ್ಟು. ವೈನಿ ನನ್ನ ಮೇಲೆ ರೇಗಲಿಲ್ಲ, ಒಂದೇ ಸಲ 'ರೂಮು ಚಂದ ಐತಿ ಬಿಡ' ಅಂದರು. ರೇಗಿದ್ದರೇ ಚೆನ್ನಾಗಿತ್ತು. ಬೇರೆ ರೂಮು ನೋಡಿದೆವು, ವರ್ಷದ ಕೊನೆ, ಎಲ್ಲಾ ಭರ್ತಿ. ಇದ್ದ ಒಂದೆರಡಕ್ಕೆ ನಾವು ಕಟ್ಟಿದ್ದರ ಎರಡು ಪಟ್ಟು ಕೇಳಿದರು.

ಊಟದ್ದೂ ಅದೇ ಕಥೆ. ಆ ಕಡೆಯ ಕೆಫೆಗಳು ಹೊರದೇಶದವರನ್ನ ನೋಡಿ ಬೆಳೆದವು, ಪಾಸ್ತಾ, ಫಲಾಫೆಲ್, ಹಮ್ಮಸ್ ಎಲ್ಲಾ ಸಿಗುತ್ತೆ. ಹಮ್ಮಸ್ ತಂದು ಇಟ್ಟಾಗ ಅವ್ವ ಬೆರಳಲ್ಲಿ ನೆಕ್ಕಿ 'ಕಡ್ಲಿ ರುಬ್ಬಿ ಹಂಗೇ ಇಟ್ಟಾರ, ಒಗ್ಗರಣಿ ಹಾಕೂದ ಮರತಾರ' ಅಂದಳು. ಮಕ್ಕಳು ಈಗಲೂ ಅದನ್ನ ಹೇಳಿ ನಗುತ್ತಾರೆ.

ಕಡೆಗೆ ದಾರಿ ತೋರಿಸಿದ್ದು ಗಾಡಿಯ ಡ್ರೈವರ್. 'ಅಕ್ಕಾರ, ಗುಡಿ ಹತ್ರ ಇರೋ ಬೀಚಿಗೆ ಯಾಕ ಹೋಗವಲ್ರಿ, ಅದು ಸಪಾಟ ಐತಿ' ಅಂದ. ನಾನು ಆ ಬೀಚನ್ನ ಗದ್ದಲ ಅಂತ ಮೊದಲೇ ಹೊಡೆದು ಹಾಕಿದ್ದೆ. ಊರ ಓಣಿ ಮುಗಿದ ಕಡೆ ಮರಳು ಶುರುವಾಗುತ್ತೆ, ಮೆಟ್ಟಿಲಿನ ಕಾಟ ಇಲ್ಲ. ಅವ್ವ ಯಾರ ಕೈಯನ್ನೂ ಹಿಡಿಯದೆ ಹೋಗಿ, ಸೀರೆ ಸ್ವಲ್ಪ ಎತ್ತಿ ನೀರಲ್ಲಿ ನಿಂತಳು. ಒಂದು ಅಲೆ ಹಿಂದಕ್ಕೆ ಹೋಗುವಾಗ ಕಾಲ ಕೆಳಗಿನ ಮರಳು ಸರಿಯುತ್ತಲ್ಲ, ಅದಕ್ಕೆ ಹೆದರಿ ಒಮ್ಮೆ ಕೂಗಿದಳು, ಆಮೇಲೆ ಬಾ ಅಂದ್ರೂ ಬರಲಿಲ್ಲ. ಸಮುದ್ರ ಸ್ನಾನ, ಕೋಟಿತೀರ್ಥ, ಗಣಪತಿ, ಆಮೇಲೆ ಮಹಾಬಲೇಶ್ವರ, ಹಿರಿಯರು ಹೇಳೋ ಕ್ರಮದಲ್ಲೇ ಎಲ್ಲಾ ಮುಗಿಸಿದಳು. ನಮಗೆ ಗದ್ದಲ ಅನ್ನಿಸಿದ್ದು ಅವಳಿಗೆ ಜಾತ್ರೆ. ಏಕಾಂತ ಬೇಕು ಅಂದಿದ್ದು ನಾನು, ಅವಳನ್ನ ಯಾರೂ ಕೇಳಿರಲಿಲ್ಲ.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಎಲ್ಲರಿಗೂ ಆರಾಮ್ ಕೊಡೋ ಬೀಚ್ ಅಂತ ಒಂದು ಇಲ್ಲ. ಸಪಾಟಾದ ಬೀಚು, ಅದರ ಬದಿಗೆ ನೆಲಮಹಡಿ ರೂಮು, ಬಾಗಿಲವರೆಗೆ ಬರೋ ಗಾಡಿ, ಇಷ್ಟು ಸಿಕ್ಕರೆ ಅತ್ತೆಯವರು ಬೇಕಾದಾಗ ಹೊರಗೆ ಬಂದು, ಸಾಕಾದಾಗ ಒಳಗೆ ಹೋಗಿ ಮಲಗ್ತಾರೆ. ಬೇರೆಯವರ ಆರಾಮು ಅದರ ಹಿಂದೆಯೇ ಬರುತ್ತೆ.

ಇನ್ನೊಂದು, ಎರಡು ರಾತ್ರಿಗೆ ವಿಜಯಪುರದಿಂದ ಸಮುದ್ರಕ್ಕೆ ಹೋಗಲೇಬೇಡಿ. ನಿಮ್ಮ ಊರ ಮೇಲೆ ಹೋಗೋ ಹೆದ್ದಾರಿ 52 ಸೀದಾ ಅಂಕೋಲಾಕ್ಕೇ ಹೋಗಿ ಮುಗಿಯುತ್ತೆ, ದಾರಿ ತಪ್ಪೋ ಮಾತೇ ಇಲ್ಲ, ಆದರೆ ಹಿರಿಯರು ಮಕ್ಕಳನ್ನ ಕಟ್ಕೊಂಡು ನಿಂತು ನಿಂತು ಹೋದರೆ ಏಳೆಂಟು ತಾಸು. ಹೋಗೋ ದಿನ, ಬರೋ ದಿನ ಕಳೆದರೆ ನಡುವೆ ಸಿಗೋದು ಒಂದೇ ದಿನ, ಅದೂ ಸೊಂಟ ನೋವಿನದು. ಮೂರು ರಾತ್ರಿ ಆಗಲ್ಲ ಅಂದ್ರೆ ಆಲಮಟ್ಟಿಗೋ ಕೂಡಲಸಂಗಮಕ್ಕೋ ಹೋಗಿ ಸಂಜೆ ಮನೆಗೆ ಬಂದು ಮಲಗಿ. ಡಿಸೆಂಬರ್ ಕೊನೆಯ ವಾರವನ್ನೂ ಬಿಡಿ. ನಿಮ್ಮ ಸಿದ್ಧೇಶ್ವರ ಜಾತ್ರೆ ಮುಗಿಸಿ ಜನವರಿ ಕೊನೆಗೆ ಹೊರಡಿ. ಸಮುದ್ರ ಶಾಂತ ಇರುತ್ತೆ, ಬಿಸಿಲು ಇನ್ನೂ ಏರಿರಲ್ಲ, ರೂಮಿನವರು ಫೋನಿನಲ್ಲಿ ಪ್ರೀತಿಯಿಂದ ಮಾತಾಡ್ತಾರೆ. ಮಕ್ಕಳಿಗೆ ಒಂದೆರಡು ದಿನ ಶಾಲೆ ತಪ್ಪುತ್ತೆ, ತಪ್ಪಲಿ.

ಅಂಕೋಲಾ ಮುಟ್ಟಿದ ಮೇಲೆ ಬಲಕ್ಕೆ ತಿರುಗಿದರೆ ಕಾರವಾರ, ಎಡಕ್ಕೆ ಗೋಕರ್ಣ, ಕುಮಟಾ, ಹೊನ್ನಾವರ. ನಿಮ್ಮ ಜಾಗದಲ್ಲಿ ನಾನಿದ್ದರೆ ಬಲಕ್ಕೆ ತಿರುಗ್ತೀನಿ. ಕಾರವಾರದ ಟಾಗೋರ್ ಬೀಚು ಹೆದ್ದಾರಿ ಪಕ್ಕದಲ್ಲೇ ಇದೆ, ಗಾಡಿ ಇಳಿದರೆ ಮರಳು. 1880ರ ದಶಕದಲ್ಲಿ ಟಾಗೋರರ ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಡ್ಜ್ ಆಗಿದ್ದರು, ತಮ್ಮ ಬಂದು ಅವರ ಮನೆಯಲ್ಲೇ ಉಳಿದಿದ್ದರು, ಹೆಸರು ಅದರಿಂದ ಬಂದದ್ದು. ಮಕ್ಕಳಿಗೆ ಐಎನ್‌ಎಸ್ ಚಾಪಲ್ ಯುದ್ಧ ಹಡಗು ಇದೆ. ಯಾರೂ ಇದನ್ನ ದೊಡ್ಡ ಟೂರಿಸ್ಟ್ ಊರು ಅಂತ ಹೊಗಳಲ್ಲ, ಅದೇ ಅದರ ಗುಣ. ಕಾರವಾರ ಬೇಡ ಅಂದ್ರೆ ಎಡಕ್ಕೆ ಹೋಗಿ ಹೊನ್ನಾವರದ ಕಾಸರಕೋಡು. ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡೋ ಬ್ಲೂ ಫ್ಲ್ಯಾಗ್ ಮಾನ್ಯತೆ 2020ರಲ್ಲಿ ಸಿಕ್ಕ ಬೀಚು, ಸಪಾಟು, ಶೌಚಾಲಯದ ವ್ಯವಸ್ಥೆ ಇದೆ, ಅದು ವಯಸ್ಸಾದವರ ಜೊತೆ ಹೋದಾಗ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತೆ. ಹತ್ತಿರದಲ್ಲೇ ಶರಾವತಿಯ ಕಾಂಡ್ಲಾ (ಮ್ಯಾಂಗ್ರೋವ್) ವನ, ಮರದ ಹಲಗೆ ಹಾಸಿದ ದಾರಿ, ಅತ್ತೆಯವರೂ ನಡೀಬಹುದು.

ಗೋವಾ ಬಗ್ಗೆ ಜಾಸ್ತಿ ಹೇಳಲ್ಲ. ಬಾಗಾ, ಕಲಂಗುಟ್‌ಗೆ ಅತ್ತೆಯವರನ್ನ ವರ್ಷದ ಕೊನೆಗೆ ಕರ್ಕೊಂಡು ಹೋಗಬೇಡಿ ಅಷ್ಟೇ. ಹೋಗಲೇಬೇಕು ಅಂದ್ರೆ ಕಾರವಾರದಿಂದ ಗಡಿ ದಾಟಿ ಪಾಲೋಲೆಮ್, ಅರ್ಧಚಂದ್ರದ ಆಕಾರದ ಬೀಚು, ಅಲೆ ಕಮ್ಮಿ, ಮರಳಿನ ಮೇಲೇ ಗುಡಿಸಲು. ಮಳೆಗಾಲಕ್ಕೆ ಆ ಗುಡಿಸಲು ಬಿಚ್ಚಿಡ್ತಾರೆ, ದಸರೆ ಹೊತ್ತಿಗೆ ಹೋದರೆ ಇನ್ನೂ ಕಟ್ಟುತ್ತಾ ಇರ್ತಾರೆ, ಜನವರಿಗೆ ತೊಂದರೆ ಇಲ್ಲ. ಮಾಲ್ವಣ ಬೆಳಗಾವಿಯವರಿಗೆ ಸರಿ, ಅಂಬೋಲಿ ಘಾಟ್ ಇಳಿದರೆ ಆಯ್ತು. ನಿಮಗೆ ಮೊದಲು ಬೆಳಗಾವಿ ಮುಟ್ಟೋದೇ ಒಂದು ಪ್ರಯಾಣ. ತಾರ್ಕರ್ಲಿ ಸಪಾಟು ಬೀಚು, ಮನೆಗಳಲ್ಲಿ ಉಳ್ಕೊಂಡು ಮೀನು, ಸೋಲಕಡಿ ಊಟ ಮಾಡೋರಿಗೆ ಸ್ವರ್ಗ, ಆದರೆ ನಿಮ್ಮ ಮನೆಯಲ್ಲಿ ಅರ್ಧ ಜನ ಮೀನಿನ ವಾಸನೆಗೇ ಮೂಗು ಮುಚ್ಚೋರಾದರೆ ಬೇಡ. ಸಿಂಧುದುರ್ಗ ಕೋಟೆಗೆ ದೋಣಿ ಹತ್ತಿ ಇಳೀಬೇಕು, ಮತ್ತೆ ಮೊಣಕಾಲು.

ಮಕ್ಕಳ ವಿಷಯದಲ್ಲಿ ಒಂದೇ ಮಾತು. ಕೆರೆ ಬಾವಿಯಲ್ಲಿ ಈಜು ಕಲಿತವರೇ ಸಮುದ್ರದಲ್ಲಿ ಜಾಸ್ತಿ ಧೈರ್ಯ ಮಾಡ್ತಾರೆ. ಅಲೆ ಹೊರಗೆ ತಳ್ಳೋದು ಕಾಣುತ್ತೆ, ಒಳಗೆ ಎಳೆಯೋದು ಕಾಣಲ್ಲ. ಜೀವರಕ್ಷಕರು ಸೀಟಿ ಊದಿದರೆ ಅವರ ಜೊತೆ ವಾದ ಮಾಡಬೇಡಿ, ಅವರು ಇಲ್ಲದ ಕಡೆ ಮೊಣಕಾಲುದ್ದಕ್ಕಿಂತ ಮುಂದೆ ಬಿಡಬೇಡಿ.

ದುಡ್ಡು ಕಟ್ಟೋ ಮುಂಚೆ ಫೋನ್ ಮಾಡಿ, ಮೆಸೇಜ್ ಅಲ್ಲ, ಫೋನ್. ಗಾಡಿ ನಿಲ್ಲೋ ಜಾಗದಿಂದ ರೂಮಿಗೆ ಎಷ್ಟು ಮೆಟ್ಟಿಲು, ರೂಮಿನಿಂದ ಮರಳಿಗೆ ಎಷ್ಟು, ರೂಮು ಕೆಳಗಾ ಮೇಲಾ, ಕಮೋಡ್ ಇದೆಯಾ, ಅನ್ನ ಸಾರು ಮಾಡಿ ಕೊಡ್ತಾರಾ. ನಡೆಯೋ ದಾರಿಯನ್ನ ಮೊಬೈಲಲ್ಲಿ ಒಂದು ವಿಡಿಯೋ ಮಾಡಿ ಕಳಿಸಿ ಅಂತ ಕೇಳಿ, ಕಳಿಸಲ್ಲ ಅಂದ್ರೆ ಮೆಟ್ಟಿಲಿದೆ ಅಂತಲೇ ತಿಳ್ಕೊಳ್ಳಿ. ಡ್ರೈವರ್ ಮಲಗೋಕೆ ಜಾಗ ಇದೆಯಾ ಅಂತಲೂ ಆಗಲೇ ಕೇಳಿಬಿಡಿ. ನಾವು ಆತನನ್ನ ಗಾಡಿಯಲ್ಲೇ ಮಲಗಿಸಿದ್ದೆವು, ಬರುವಾಗ ಯಲ್ಲಾಪುರದಲ್ಲಿ ಎರಡು ಚಹಾ ಕುಡಿದರೂ ಆತನ ಕಣ್ಣು ಎಳೀತಿತ್ತು, ಹುಬ್ಬಳ್ಳಿವರೆಗೂ ಅಣ್ಣ ಪಕ್ಕದಲ್ಲಿ ಕೂತು ಮಾತಾಡಿಸ್ತಾನೇ ಬಂದ.