ಕೊಯ್ಯುವವರ ಕೈ

ಕಾಪುವಿನ ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ಮಾವ ತೆಂಗಿನ ಮರದಿಂದ ಬಿದ್ದು ತೀರಿಕೊಂಡರು. ಬಿದ್ದದ್ದನ್ನು ನಾಲ್ಕು ಜನ ಕಂಡಿದ್ದಾರೆ. ಆದರೂ ಪೋಸ್ಟ್‌ಮಾರ್ಟಂ ಮಾಡಿಸಿದರು. ಈಗ ಸ್ಕ್ಯಾನಿಂಗ್‌ನಲ್ಲೇ ಎಲ್ಲ ಗೊತ್ತಾಗುತ್ತದಂತೆ. ಮತ್ತೆ ಕೊಯ್ಯುವುದು ಯಾಕೆ?"

ಮಾವನನ್ನು ಕಳೆದುಕೊಂಡ ದಿನವೇ ಶವಾಗಾರದ ಹೊರಗೆ ಕಾಯುವುದು ಸಣ್ಣ ಸಂಕಟವಲ್ಲ. ನೀವು ಕೇಳಿದ ಸುದ್ದಿ ಸುಳ್ಳೂ ಅಲ್ಲ. ಸ್ವಿಟ್ಜರ್‌ಲ್ಯಾಂಡಿನ ಬರ್ನ್‌ನಲ್ಲಿ ಇಪ್ಪತ್ತು ವರ್ಷಕ್ಕೂ ಹಿಂದೆಯೇ ಶವವನ್ನು ಸ್ಕ್ಯಾನ್ ಮಾಡಿ ಸಾವಿನ ಕಾರಣ ಹುಡುಕುವ ಕೆಲಸ ಶುರುವಾಯಿತು. ದಿಲ್ಲಿಯ ಏಮ್ಸ್‌ನಲ್ಲಿ 2021ರಲ್ಲಿ ಬಂತು. ಮುರಿದ ಮೂಳೆ ಹುಡುಕುವುದರಲ್ಲಿ ಸಿಟಿ ಸ್ಕ್ಯಾನ್ ಬಲು ಚುರುಕು.

ಆದರೆ ಮಾವ ಬಿದ್ದು ಸತ್ತರೋ, ಮರದ ಮೇಲೆಯೇ ಹಾರ್ಟ್ ಅಟ್ಯಾಕ್ ಆಗಿ ಬಿದ್ದರೋ? ಇಲ್ಲಿ ಸಿಟಿ ತಡವರಿಸುತ್ತದೆ. ಬ್ರಿಟನ್ನಿನಲ್ಲಿ 182 ಶವಗಳನ್ನು ಸ್ಕ್ಯಾನ್ ಮಾಡಿ, ಆಮೇಲೆ ಕೊಯ್ದು ನೋಡಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಸಾವಿನ ಕಾರಣದಲ್ಲಿ ಸಿಟಿ ಶೇ. 32ರಷ್ಟು ಕಡೆ ತಪ್ಪಿತ್ತು, ಎಂಆರ್‌ಐ ಶೇ. 43ರಷ್ಟು. ಹೃದಯದ ಕಾಯಿಲೆ, ಶ್ವಾಸಕೋಶದ ರಕ್ತನಾಳದಲ್ಲಿ ಸಿಕ್ಕಿಕೊಂಡ ಹೆಪ್ಪು, ನ್ಯುಮೋನಿಯಾ, ಇವೆಲ್ಲ ಕಣ್ಣು ತಪ್ಪಿಸಿದ್ದವು. ವಿಷದ ಅನುಮಾನ ಇದ್ದರಂತೂ ಒಳಗಿನ ಅಂಗಗಳ ತುಂಡು ಲ್ಯಾಬಿಗೆ ಹೋಗಲೇಬೇಕು.

ಹಾಗಾದರೆ ಸ್ಕ್ಯಾನ್ ಸುಮ್ನೆ ಖರ್ಚಾ? ನನಗೆ ಹಾಗನಿಸುವುದಿಲ್ಲ. ನೀವು ಮಾವನ ದೇಹದ ಬಗ್ಗೆ ಕೇಳಿದಿರಿ. ನನ್ನ ಕಣ್ಣ ಮುಂದೆ ಬರುವುದು ಕೊಯ್ಯುವವರ ಕೈ. ವರದಿಗಾರನಾಗಿದ್ದ ಕಾಲದಲ್ಲಿ, ಜಡಿಮಳೆಯ ಒಂದು ಮಧ್ಯಾಹ್ನ, ಶವಾಗಾರದ ಅಟೆಂಡರ್ ಒಬ್ಬರ ಜೊತೆ ಚಹಾ ಕುಡಿದಿದ್ದೆ. ಅವರ ಎಡಗೈ ಹೆಬ್ಬೆರಳಲ್ಲಿ ಬಿಳಿ ಗೆರೆಯಂಥ ಕಲೆ. "ಚೂರಿಯದ್ದಲ್ಲ ಸಾರ್, ಪಕ್ಕೆಲುಬು," ಅಂದರು. ಮುರಿದ ಪಕ್ಕೆಲುಬಿನ ತುದಿ ಎರಡು ಗ್ಲೌಸನ್ನೂ ಸೀಳಿ ಒಳಗೆ ಹೋಗಿತ್ತಂತೆ. ಆ ಶವಕ್ಕೆ ಯಾವ ಕಾಯಿಲೆ ಇತ್ತೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಶವವನ್ನು ಚೀಲದ ಜಿಪ್ ತೆಗೆಯದೆಯೇ ಸಿಟಿಯಲ್ಲಿ ಮಲಗಿಸಬಹುದು. ಯಾವ ಪಕ್ಕೆಲುಬು ಚೂಪಾಗಿ ನಿಂತಿದೆ, ಎಲ್ಲಿ ಗುಂಡಿನ ಚೂರಿದೆ, ಎಲ್ಲಿ ಮುರಿದ ಸೂಜಿಯಿದೆ ಎಂದು ಚೂರಿ ಮುಟ್ಟುವ ಮೊದಲೇ ಗೊತ್ತಾಗುತ್ತದೆ. ಶ್ವಾಸಕೋಶದಲ್ಲಿ ಟಿಬಿಯ ತೂತು ಕಂಡರೆ ಒಳ್ಳೆಯ ಮಾಸ್ಕ್ ಹಾಕಿಕೊಂಡೇ ಶುರುಮಾಡಬಹುದು. ಮೂಳೆ ಗರಗಸದಿಂದ ಏಳುವ ಸಣ್ಣ ಹನಿ, ಧೂಳು ಗಾಳಿಯಲ್ಲಿ ತೇಲುತ್ತದಲ್ವಾ, ಅದೇ ಜಾಸ್ತಿ ಅಪಾಯ. ಕೆಲವು ಕೇಸಲ್ಲಿ ಪೂರ್ತಿ ಕೊಯ್ಯುವ ಅಗತ್ಯವೂ ತಪ್ಪಬಹುದು. ಅದನ್ನು ಡಾಕ್ಟರು, ಪೊಲೀಸರು ಸೇರಿ ನಿರ್ಧರಿಸಬೇಕು.

ಇನ್ನು ನಮ್ಮೂರ ಮಾತು. ಸಿಟಿ ಯಂತ್ರದ ಮುಂದೆ ಬದುಕಿರುವವರದ್ದೇ ಉದ್ದ ಸಾಲು. ಆ ಸಾಲಿನ ನಡುವೆ ಶವ ತನ್ನಿ ಅನ್ನಲು ನನಗೂ ಬಾಯಿ ಬರುವುದಿಲ್ಲ. ಶವಾಗಾರಕ್ಕೇ ಒಂದು ಬೇರೆ ಯಂತ್ರ ಕೊಡಿ ಎಂದು ಕೇಳಬಹುದು. ನೀವು ಜಿಲ್ಲಾಡಳಿತಕ್ಕೆ ಮನವಿ ಬರೆಯುವುದಾದರೆ, ಆ ಅಟೆಂಡರ್‌ ಹೆಬ್ಬೆರಳಿನ ವಿಷಯವನ್ನೂ ಸೇರಿಸಿ.

— ಸಂಪಾದಕ