ಎಂಟು ವರ್ಷದ ನಂತರ ಮತ್ತೆ ಕೈಟ್‌ಸರ್ಫಿಂಗ್: ಗೋವಾದ ಸಣ್ಣ ಗಾಳಿಗೆ 17 ಮೀಟರ್ ಕೈಟ್ ತಗೊಳ್ಳಬೇಕಾ?

ಬೇಡ ಮಾರಾಯ್ರೇ. ಆ ದುಡ್ಡನ್ನು ಬೋರ್ಡ್‌ಗೆ ಹಾಕಿ.

ನೀವು ಬರೆದದ್ದು ಇಷ್ಟು: ತೂಕ 82 ಕೆಜಿ. ನೆದರ್‌ಲ್ಯಾಂಡ್ಸ್‌ನಲ್ಲಿ ಕೆಲಸದಲ್ಲಿದ್ದಾಗ ಉತ್ತರ ಸಮುದ್ರದಲ್ಲಿ ಕೈಟ್‌ಸರ್ಫಿಂಗ್ (ದೊಡ್ಡ ಗಾಳಿಪಟದ ಎಳೆತಕ್ಕೆ ಬೋರ್ಡ್ ಮೇಲೆ ನಿಂತು ನೀರಲ್ಲಿ ಓಡುವ ಆಟ) ಕಲಿತದ್ದು. ಎಂಟು ವರ್ಷದಿಂದ ಮುಟ್ಟಿಲ್ಲ. ಈಗ ಮಂಗಳೂರಿಗೆ ವಾಪಸ್ ಬಂದಿದ್ದೀರಿ. ಅಟ್ಟದಲ್ಲಿ 9 ಮತ್ತು 12 ಮೀಟರಿನ (ಅಂದರೆ ಚದರ ಮೀಟರ್) ಹಳೇ ಕೈಟ್‌ಗಳು, ಒಂದು 136×41 ಸೆಂ.ಮೀ. ಟ್ವಿನ್‌ಟಿಪ್ (ಎರಡೂ ದಿಕ್ಕಿಗೆ ಓಡುವ ಮಾಮೂಲು ಬೋರ್ಡ್) ಇವೆ. ಗೋವಾದಲ್ಲಿ ಯಾರೋ ಸೆಕೆಂಡ್ ಹ್ಯಾಂಡ್ 17 ಮೀಟರ್ ಮಾರುತ್ತಿದ್ದಾರೆ. ಜೊತೆಗೆ ಫಾಯಿಲ್ (ಅಡಿಯಲ್ಲಿ ಕಂಬ, ರೆಕ್ಕೆ ಇದ್ದು ನೀರಿಂದ ಮೇಲೇಳುವ ಬೋರ್ಡ್) ಬಗ್ಗೆಯೂ ಕೇಳಿದ್ದೀರಿ.

ಆ 17 ಯಾಕೆ ಆಸೆ ಹುಟ್ಟಿಸುತ್ತದೆ ಅಂತ ನನಗೂ ಗೊತ್ತು. ತೂಕವನ್ನು 2.2ರಿಂದ ಗುಣಿಸಿ, ನಾಟ್‌ನಲ್ಲಿರುವ ಗಾಳಿಯ ವೇಗದಿಂದ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಭಾಗಿಸಿದರೆ ಕೈಟ್ ಸೈಜ್ ಸಿಗುತ್ತದೆ ಅನ್ನುವ ಅಂದಾಜು ಲೆಕ್ಕ ಒಂದಿದೆಯಲ್ಲ, ಅದರಲ್ಲಿ 12 ನಾಟ್‌ಗೆ ನಿಮಗೆ 15 ಮೀಟರ್ ಬರುತ್ತದೆ. ನೀವು ಕಲಿತ ಕಡೆ 20 ನಾಟ್ ಮಾಮೂಲು. ಗೋವಾದ ಮೋರ್ಜಿಮ್, ಅಶ್ವೆಂ ಬೀಚ್‌ಗಳ ಕಡೆ ಸಾಮಾನ್ಯವಾಗಿ ಸಿಗುವುದು 10ರಿಂದ 15. ಎಳೆತ ಗಾಳಿಯ ವೇಗದ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 20 ನಾಟ್‌ನ ಎಳೆತ ನೂರು ಅಂದುಕೊಂಡರೆ 12ರಲ್ಲಿ ಉಳಿಯುವುದು 36. ಸಾಲದ್ದಕ್ಕೆ ನಮ್ಮ ಸೆಕೆ ಬೇರೆ. 10 ಡಿಗ್ರಿಯ ಚಳಿ ಗಾಳಿಗಿಂತ ನಮ್ಮ 30 ಡಿಗ್ರಿಯ ಒದ್ದೆ ಗಾಳಿ ಸುಮಾರು ಶೇ 7–8ರಷ್ಟು ತೆಳು. ಗಾಳಿ ಅಳೆಯುವ ಮೀಟರ್ ಅದೇ 13 ನಾಟ್ ತೋರಿಸಿದರೂ ಕೈಗೆ ಸಿಗುವ ಎಳೆತ ಅಲ್ಲಿಗಿಂತ ಕಡಿಮೆ.

ಆದರೆ ಆ ಲೆಕ್ಕದಲ್ಲಿ ಬೋರ್ಡ್ ಇಲ್ಲ, ಕೈಟ್‌ನ ತೂಕವೂ ಇಲ್ಲ. ಸಣ್ಣ ಗಾಳಿಯಲ್ಲಿ ಕೈಟ್ ಸುಮ್ನೆ ಒಂದು ಕಡೆ ನಿಂತರೆ ಎಳೆಯುವುದಿಲ್ಲ, ಮೇಲೆ ಕೆಳಗೆ ಓಡಾಡಿಸಬೇಕು. ಹಳೇ ಕಾಲದ, ಐದು ಸ್ಟ್ರಟ್‌ನ (ಗಾಳಿ ತುಂಬುವ ಅಡ್ಡ ಟ್ಯೂಬ್) 17 ಮೀಟರ್ ಕೈಟ್ ತಿರುಗುವಷ್ಟರಲ್ಲಿ ನೀವು ಮತ್ತೆ ನೀರಲ್ಲಿ ಕೂತಿರುತ್ತೀರಿ. ಗಾಳಿ ಒಂದು ಕ್ಷಣ ಸತ್ತರೆ ಆ ದಪ್ಪ ಟ್ಯೂಬಿನ ಭಾರಕ್ಕೇ ಕೆಳಗೆ ಬೀಳುತ್ತದೆ. ಬಿದ್ದ ಮೇಲೆ 9 ನಾಟ್‌ನಲ್ಲಿ ಅದನ್ನು ನೀರಿನಿಂದ ಎಬ್ಬಿಸುವುದು ಕಷ್ಟ. ಅಭ್ಯಾಸ ತಪ್ಪಿದವರಿಗಂತೂ ದಿನವಿಡೀ ಈಜುವ ಕೆಲಸ. ಮುಂದೆ ಯಾವಾಗಲಾದರೂ ದೊಡ್ಡ ಕೈಟ್ ಬೇಕೇ ಬೇಕು ಅನ್ನಿಸಿದರೆ, ಒಂದೇ ಸ್ಟ್ರಟ್ ಇರುವ ಅಥವಾ ಸ್ಟ್ರಟ್ಟೇ ಇಲ್ಲದ ಹಗುರ ಮಾದರಿಯ 14 ಮೀಟರ್ ನೋಡಿ. ಫ್ಲೈಸರ್ಫರ್ ಸೋಲ್ ಥರದ, ಟ್ಯೂಬ್ ಇಲ್ಲದೆ ಬೀಸುವ ಗಾಳಿಯಿಂದಲೇ ಉಬ್ಬುವ ಗಾಳಿಚೀಲದ ಕೈಟ್‌ಗಳು ಸಣ್ಣ ಗಾಳಿಯಲ್ಲಿ ಭೇಷಾಗಿ ಎಳೆಯುತ್ತವೆ. ಆದರೆ ಬೀಳಿಸಿ ಜಾಸ್ತಿ ಹೊತ್ತು ಬಿಟ್ಟರೆ ಒಳಗೆ ನೀರು ಹೋಗುತ್ತದೆ. ಈಗಲೇ ಅದರ ಸಹವಾಸ ಬೇಡ.

ಬೋರ್ಡ್ ವಿಷಯಕ್ಕೆ ಬರೋಣ. ನಿಮ್ಮ 136×41 ಜೋರು ಗಾಳಿಯ ಬೋರ್ಡ್. 152×46ರ ಆಸುಪಾಸಿನದು ತಗೊಂಡರೆ ಉದ್ದ ಅಗಲ ಗುಣಿಸಿದಾಗ ಕಾಲು ಪಾಲು ಜಾಸ್ತಿ ಜಾಗ ಸಿಗುತ್ತದೆ. ಸೈಜ್‌ಗಿಂತ ಮುಖ್ಯ ಅದರ ಬಗ್ಗು. ಬೋರ್ಡನ್ನು ಸಪಾಟು ನೆಲದ ಮೇಲೆ ಇಟ್ಟು ಪಕ್ಕದಿಂದ ನೋಡಿ. ಎರಡು ತುದಿ ಎಷ್ಟು ಮೇಲೆ ಎದ್ದಿರುತ್ತದೋ ಅಷ್ಟು ಅದು ನೀರನ್ನು ತಳ್ಳುತ್ತದೆ. ನಿಮಗೆ ಬೇಕಾಗಿರುವುದು ಹೆಚ್ಚುಕಡಿಮೆ ಹಲಗೆಯಂಥ ಚಪ್ಪಟೆ ಬೋರ್ಡ್. ಇಂಥದ್ದು ಕಾಲ ಕೆಳಗಿದ್ದರೆ ನಿಮ್ಮ ತೂಕಕ್ಕೆ 12 ಮೀಟರ್ ಕೈಟ್‌ನಲ್ಲೇ 13 ನಾಟ್‌ಗೆ ಅಪ್‌ವಿಂಡ್, ಅಂದರೆ ಗಾಳಿ ಬರುವ ಕಡೆಗೆ ಓರೆಯಾಗಿ, ಹೋಗಬಹುದು. ಎದ್ದ ತಕ್ಷಣ ಹಿಮ್ಮಡಿ ಒತ್ತಿ ಗಾಳಿಗೆ ಎದುರು ತಿರುಗಿಸಬೇಡಿ. ಮೊದಲು ಸ್ವಲ್ಪ ಕೆಳಗಾಳಿಗೆ ಬಿಟ್ಟು ವೇಗ ತಗೊಳ್ಳಿ, ಆಮೇಲೆ ನಿಧಾನಕ್ಕೆ ಬೋರ್ಡ್ ಓರೆ ಮಾಡಿ ಅಂಚನ್ನು ನೀರಿಗೆ ಒತ್ತಿ.

ಅಟ್ಟದ ಸಾಮಾನಿನ ಬಗ್ಗೆ ನೀವು ಕೇಳಿಯೇ ಇಲ್ಲ. ನನಗೆ ಚಿಂತೆ ಇರುವುದೇ ಅಲ್ಲಿ. ಮಂಗಳೂರಿನ ಸೆಕೆಯಲ್ಲಿ ಹೆಂಚಿನಡಿ ಬಿದ್ದಿದ್ದ ಬ್ಲಾಡರ್‌ಗಳ (ಕೈಟ್‌ನ ಟ್ಯೂಬ್ ಒಳಗೆ ಗಾಳಿ ಹಿಡಿಯುವ ಚೀಲ) ವಾಲ್ವ್ ಅಂಟು ಮೆತ್ತಗಾಗಿ ಬಿಟ್ಟುಕೊಳ್ಳುವುದು ಸಾಮಾನ್ಯ. ಸಂಜೆ ಎರಡೂ ಕೈಟ್‌ಗೆ ಗಟ್ಟಿಯಾಗಿ ಗಾಳಿ ತುಂಬಿ ಜಗಲಿಯಲ್ಲಿಟ್ಟು ಮಲಗಿ. ಬೆಳಿಗ್ಗೆ ಟ್ಯೂಬ್ ಮೆತ್ತಗಾಗಿದ್ದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ. ಹಗಲು ಬಿಸಿಲಲ್ಲಿ ಮಾತ್ರ ಗಾಳಿ ತುಂಬಿ ಬಿಡಬೇಡಿ.

ಆಮೇಲೆ ಲೈನ್, ಅಂದರೆ ಕೈಟನ್ನು ಬಾರ್‌ಗೆ (ಕೈಯಲ್ಲಿ ಹಿಡಿಯುವ ಕೋಲು) ಜೋಡಿಸುವ ನಾಲ್ಕು ದಾರಗಳು. ಇದನ್ನು ತುಂಬ ಜನ ನೋಡುವುದೇ ಇಲ್ಲ. ಭಾರ ಜಾಸ್ತಿ ಬೀಳುವುದು ಮುಂದಿನ ಎರಡು ಲೈನ್‌ಗಳ ಮೇಲೆ. ವರ್ಷಗಟ್ಟಲೆ ಎಳೆದು ಅವು ಹಿಂದಿನ ಲೈನ್‌ಗಳಿಗಿಂತ ಉದ್ದ ಆಗಿರುತ್ತವೆ. ಆಗ ನೀವು ಬಾರ್ ಬಿಟ್ಟರೂ ಕೈಟ್‌ಗೆ ಬಾರ್ ಎಳೆದ ಹಾಗೇ ಆಗುತ್ತದೆ. 20 ನಾಟ್‌ನಲ್ಲಿ ಇದು ಗೊತ್ತೇ ಆಗುವುದಿಲ್ಲ. 12ರಲ್ಲಿ ಕೈಟ್ ಉಸಿರು ಕಟ್ಟಿದಂತಾಗಿ ಹಿಂದಕ್ಕೆ ಜಾರಿ ಬೀಳುತ್ತದೆ. ಗಾಳಿ ಸಾಲಲಿಲ್ಲ, ದೊಡ್ಡ ಕೈಟ್ ಬೇಕು ಅಂತ ಜನ ಅಂಗಡಿಗೆ ಓಡುವುದು ಇಂಥ ದಿನವೇ! ನಾಲ್ಕೂ ಲೈನ್‌ನ ತುದಿಯನ್ನು ಒಂದು ತೆಂಗಿನ ಮರಕ್ಕೆ ಸಿಕ್ಕಿಸಿ, ಬಾರ್ ಪೂರ್ತಿ ಎಳೆದು ಹಿಂದೆ ಸರಿದು ಬಿಗಿ ಮಾಡಿ. ಬಾರ್ ನೇರವಾಗಿ ನಿಂತು ನಾಲ್ಕೂ ಸಮ ಬಿಗಿ ಇರಬೇಕು. ಇಲ್ಲದಿದ್ದರೆ ಗಂಟು ಬದಲಿಸಿ ಹಿಂದಿನ ಲೈನ್‌ಗಳನ್ನು ಉದ್ದ ಮಾಡಿ. ಈ ರಿಪೇರಿಗೆ ಒಂದು ರೂಪಾಯಿಯೂ ಖರ್ಚಿಲ್ಲ.

ರಿಲೀಸ್ (ಅಪಾಯದಲ್ಲಿ ಕೈಟ್‌ನ ಎಳೆತ ಕಳಚುವ ಕೊಂಡಿ) ಮಾತ್ರ ಹಳೆಯದೇ ಸಾಕು ಅನ್ನಬೇಡಿ. ಒಳಗೆ ಹಳೇ ಮರಳು, ಉಪ್ಪು ಕೂತಿರುತ್ತದೆ. ಲೈನ್‌ಗಳನ್ನು ಮರಕ್ಕೆ ಸಿಕ್ಕಿಸಿ, ಹಾರ್ನೆಸ್ (ಸೊಂಟದ ಪಟ್ಟಿ) ಕಟ್ಟಿಕೊಂಡು ಬಾರ್‌ನ ಚಿಕನ್ ಲೂಪನ್ನು (ಹಾರ್ನೆಸ್‌ನ ಕೊಕ್ಕೆಗೆ ಹಾಕುವ ಕುಣಿಕೆ) ಅದಕ್ಕೆ ಸಿಕ್ಕಿಸಿ ಪೂರ್ತಿ ಭಾರ ಹಾಕಿ, ರಿಲೀಸನ್ನು ಒಂದೇ ಕೈಯಲ್ಲಿ ತಳ್ಳಿ ನೋಡಿ. ತಕ್ಷಣ ಬಿಡಲಿಲ್ಲ ಅಂದರೆ ಹೊಸ ಬಾರ್ ತಗೊಳ್ಳಿ. ಈ ರಿಲೀಸ್‌ಗಳಿಗೆಂದೇ ಐಎಸ್‌ಒ 21853 ಅನ್ನುವ ಮಾನದಂಡ 2020ರಲ್ಲಿ ಬಂದಿದೆ. ಅದಕ್ಕೆ ಹೊಂದುವುದನ್ನೇ ಕೇಳಿ.

ಗೋವಾದ ಗಾಳಿ ಮಧ್ಯಾಹ್ನದ್ದು. ನೆಲ ಕಾದು ಅಲ್ಲಿನ ಗಾಳಿ ಮೇಲೇರಿದಾಗ ಸಮುದ್ರದಿಂದ ವಾಯವ್ಯ ಗಾಳಿ ಒಳಗೆ ಬರುತ್ತದೆ. ಫೆಬ್ರವರಿಯಿಂದ ಏಪ್ರಿಲ್ ಒಳ್ಳೆಯ ಕಾಲ. ಬೆಳಿಗ್ಗೆ ಮೋಡ ಕಟ್ಟಿದರೆ ಆಸೆ ಬಿಡಿ. ಆ್ಯಪ್‌ನ ಮುನ್ಸೂಚನೆಗೆ ಈ ದಡದ ಗಾಳಿ ಎಷ್ಟೋ ಸಲ ಕಾಣುವುದಿಲ್ಲ. ನೀರಿನ ಮೇಲೆ ಅಲ್ಲೊಂದು ಇಲ್ಲೊಂದು ಬಿಳಿ ನೊರೆ ಎದ್ದರೆ 10 ನಾಟ್ ಅಂದುಕೊಳ್ಳಿ, ಎಲ್ಲ ಕಡೆ ಎದ್ದಾಗ ಕೈಟ್ ಬಿಚ್ಚಿ. ಈ ಗಾಳಿ ಓರೆಯಾಗಿ ದಡದ ಕಡೆಗೇ ಬೀಸುವುದರಿಂದ ಕೈಟ್ ಬಿದ್ದರೂ ದಡಕ್ಕೇ ಬರುತ್ತೀರಿ. ಬೆಳಗಿನ ನೆಲಗಾಳಿ ಇದಕ್ಕೆ ಉಲ್ಟಾ, ಸೀದಾ ಸಮುದ್ರಕ್ಕೆ ನೂಕುತ್ತದೆ. ಎಷ್ಟೇ ಚೆನ್ನಾಗಿ ಬೀಸಿದರೂ ಆಗ ಇಳಿಯಬೇಡಿ. ಮೋರ್ಜಿಮ್‌ನಲ್ಲಿ ಕಡಲಾಮೆ ಮೊಟ್ಟೆ ಇಡುವ ಜಾಗಕ್ಕೆ ಅರಣ್ಯ ಇಲಾಖೆಯವರು ಬೇಲಿ ಹಾಕಿರುತ್ತಾರೆ, ಅದರ ಹತ್ತಿರ ಲೈನ್ ಹಾಸಬೇಡಿ. ಮೀನುಗಾರರು ರಂಪಣಿ ಬಲೆ ಎಳೆಯುತ್ತಿದ್ದರೆ ಅದು ಪೂರ್ತಿ ದಡಕ್ಕೆ ಬರುವ ತನಕ ಕಾಯಿರಿ. ಅವರ ಹೊಟ್ಟೆಪಾಡು ನಮ್ಮ ಆಟಕ್ಕಿಂತ ದೊಡ್ಡದು ಅಲ್ವಾ.

9 ಮೀಟರ್ ಮಾರಬೇಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಕಡೆ ಸಮುದ್ರಕ್ಕೆ ಇಳಿಯುವ ಹಾಗೇ ಇಲ್ಲ. ಆದರೆ ಅದೇ ಹೊತ್ತಿಗೆ ರಾಮೇಶ್ವರ, ತೂತುಕುಡಿ ಕಡೆ ನೈಋತ್ಯ ಗಾಳಿ ಜೋರಾಗಿ ಬೀಸುತ್ತದೆ. ಅಲ್ಲಿ ಸೊಂಟದಷ್ಟು ನೀರಿನ ಸಪಾಟು ಜಾಗಗಳಿವೆ, ಮರಳಿ ಶುರು ಮಾಡುವವರಿಗೆ ಹೇಳಿ ಮಾಡಿಸಿದ್ದು. ಕಡಲಕಳೆ ಬೆಳೆಸುವ ಬಿದಿರಿನ ತೆಪ್ಪಗಳನ್ನು ಮಾತ್ರ ನೋಡಿಕೊಳ್ಳಿ.

ಕೊನೆಗೆ ನಿಮ್ಮ ಫಾಯಿಲ್ ಪ್ರಶ್ನೆ. ಸಣ್ಣ ಗಾಳಿಗೆ ನಿಜವಾದ ಉತ್ತರ ಅದೇ. ಬೋರ್ಡ್ ನೀರಿಂದ ಮೇಲೆದ್ದ ಮೇಲೆ ನೀರಿನ ತಡೆ ತೀರಾ ಕಡಿಮೆ. ಪ್ಯಾರಿಸ್ 2024 ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಕೈಟ್ ಸ್ಪರ್ಧೆ ಇಟ್ಟಾಗ ಓಡಿದ್ದೆಲ್ಲ ಫಾಯಿಲ್‌ಗಳೇ. ಅಂಥವರಿಗೂ ಮಾರ್ಸೇಯಲ್ಲಿ ಗಾಳಿ ಕೈಕೊಟ್ಟು ರೇಸ್‌ಗಳು ಮುಂದಕ್ಕೆ ಹೋದವು, ಅದು ಬೇರೆ ಮಾತು. ಫಾಯಿಲ್ ಕಲಿತರೆ ನಿಮ್ಮ 12ರಲ್ಲೇ 10 ನಾಟ್‌ಗೆ ಓಡಬಹುದು. ಆಗ ಆ 17 ಮೀಟರ್ ಕೈಟ್‌ಗೆ ಕೆಲಸವೇ ಇರುವುದಿಲ್ಲ. ಆದರೆ ಮೊದಲ ಸೀಸನ್ ಟ್ವಿನ್‌ಟಿಪ್‌ನಲ್ಲೇ ಕಳೆಯಿರಿ. ಕೈಟ್ ನೋಡದೇ ಹಾರಿಸಲು ಬಂದ ಮೇಲೆ ಫಾಯಿಲ್ ಕೊಳ್ಳಿ. ದೊಡ್ಡ ಮುಂದಿನ ರೆಕ್ಕೆ, 1500 ಚದರ ಸೆಂ.ಮೀ. ಆಸುಪಾಸು, ಮತ್ತು ಗಿಡ್ಡ ಮಾಸ್ಟ್ (ಬೋರ್ಡ್‌ಗೂ ರೆಕ್ಕೆಗೂ ನಡುವಿನ ಕಂಬ) ಇರಲಿ. ರಾಮೇಶ್ವರದ ಆಳವಿಲ್ಲದ ನೀರಿಗೆ ಅದನ್ನು ಒಯ್ಯಬೇಡಿ, ಕಡಲ ಹುಲ್ಲು ಸುತ್ತಿಕೊಂಡು ಮುಖ ಅಡಿಯಾಗಿ ಬೀಳುತ್ತೀರಿ.

ಗೋವಾದವರು ಕೈಟ್ ಜೊತೆ ದೊಡ್ಡ ಬೋರ್ಡನ್ನೂ ಮಾರುತ್ತಿದ್ದಾರಾ ಕೇಳಿ ನೋಡಿ. 17 ಮೀಟರ್ ಹಾರಿಸುವವರ ಹತ್ತಿರ ಅಂಥದ್ದೊಂದು ಇರುವ ಸಾಧ್ಯತೆ ಜಾಸ್ತಿ.