ಜ್ವರಕ್ಕೆ ಎಲ್ಲಿಯ ತಲಪಾಡಿ ಗಡಿ?

ಗ್ಲೋಬಲ್ ಹೆಲ್ತ್ ಅಂದರೆ ಏನು, ಹಳ್ಳಿಯವರಿಗೆ ಅದರಿಂದ ಏನಾಗಬೇಕು ಅಂತ ಕೇಳಿದಿರಲ್ಲ. ಕಾಯಿಲೆ ಒಂದು ಕಡೆ, ಅದರ ಕಾರಣ ಮತ್ತು ಮದ್ದು ಇನ್ನೆಲ್ಲೋ, ಹಾಗಾಗಿ ಎಲ್ಲರೂ ಸೇರಿ ನೋಡಬೇಕು. ಅಷ್ಟೇ. ಕಾಸರಗೋಡಿನವರಿಗೆ ಇದನ್ನು ಯಾರೂ ಪಾಠ ಮಾಡಬೇಕಿಲ್ಲ. 1956ರಲ್ಲಿ ನಮ್ಮನ್ನು ಕೇರಳಕ್ಕೆ ಸೇರಿಸಿದರು. ಆಮೇಲೂ ರೇಷನ್ ಕಾರ್ಡು ಕೇರಳದ್ದು, ಆಸ್ಪತ್ರೆ ಮಂಗಳೂರಿನದು.

ಎಂಡೋಸಲ್ಫಾನ್ ಎಂಬ ಕೀಟನಾಶಕದ ಹೆಸರು ಕೇಳಿರುತ್ತೀರಿ. ಗುಡ್ಡದ ಮೇಲಿನ ಸರ್ಕಾರಿ ಗೇರು ತೋಪುಗಳಿಗೆ ಟೀ ಸೊಳ್ಳೆ ಎಂಬ ಕೀಟದ ಕಾಟ ಅಂತ ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಅದನ್ನು ಸಿಂಪಡಿಸುತ್ತಿದ್ದರು. ಹೊರಗಿನವರಿಗೆ ಗೊತ್ತಿಲ್ಲದ ವಿಷಯ ಒಂದಿದೆ. ನಮ್ಮಲ್ಲಿ ಎಷ್ಟೋ ಮನೆಗಳಿಗೆ ನೀರು ಬರುವುದು ಸುರಂಗದಿಂದ. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ, ಒಬ್ಬ ಮನುಷ್ಯ ತೂರುವಷ್ಟು ಕೊರೆದಿರುತ್ತಾರೆ, ಒಳಗೆ ಜಿನುಗುವ ನೀರು ತಾನಾಗಿ ಹರಿದು ಮನೆ ಹತ್ತಿರದ ಮಣ್ಣಿನ ಕೆರೆಗೆ ಬೀಳುತ್ತದೆ. ಈಗ ಗುಡ್ಡದ ನೆತ್ತಿಗೆ ಹೊಡೆದ ವಿಷ ಮಳೆಗೆ ಇಳಿದರೆ ಎಲ್ಲಿಗೆ ಹೋಗಬೇಕು, ನೀವೇ ಹೇಳಿ. ನಮ್ಮ ಜಿಲ್ಲೆಯ ಎಣ್ಮಕಜೆ ಪಂಚಾಯಿತಿಯ ಪಡ್ರೆಯಲ್ಲಿ ಇಷ್ಟು ಮಕ್ಕಳು ಯಾಕೆ ಅಂಗವೈಕಲ್ಯ, ಬುದ್ಧಿಮಾಂದ್ಯದಿಂದ ನರಳುತ್ತಿದ್ದಾರೆ ಅಂತ ಮೊದಲು ಅನುಮಾನಪಟ್ಟವರಲ್ಲಿ ಊರಿನ ಡಾಕ್ಟರೇ ಒಬ್ಬರು. 2011ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ, ಬೇಗ ನಾಶವಾಗದ ವಿಷಗಳನ್ನು ತಡೆಯಲು ಮಾಡಿಕೊಂಡ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ನಿಷೇಧ ಬೇಡ ಅಂತ ಕೊನೆಯವರೆಗೂ ಹಟ ಹಿಡಿದವರು ಯಾರು ಗೊತ್ತಾ? ನಮ್ಮ ದೇಶದವರೇ. ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಇಲ್ಲೂ ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ 5 ಲಕ್ಷ ಕೊಡಿ ಅಂದಿತು, ಆ ದುಡ್ಡಿಗೆ ಅಲೆದ ಕಥೆ ಬೇರೆಯೇ ಇದೆ.

ಆಮೇಲೆ 2020. ದೇಶದ ಮೊದಲ 3 ಕೋವಿಡ್ ಕೇಸುಗಳಲ್ಲಿ ಒಂದು ನಮ್ಮ ಜಿಲ್ಲೆಯದು, ವುಹಾನಿನಿಂದ ಮನೆಗೆ ಬಂದ ವಿದ್ಯಾರ್ಥಿ. ಚೀನಾದಿಂದ ವೈರಸ್ಸು ಇಲ್ಲಿಗೆ ಬಂತು, ನಮಗೆ ಮಾತ್ರ ಮಾರ್ಚ್ ಕೊನೆಗೆ ಮಂಗಳೂರು ದಾರಿಯ ಗಡಿ ತಲಪಾಡಿಯನ್ನು ದಾಟಲು ಆಗಲಿಲ್ಲ. ಕರ್ನಾಟಕ ಗಡಿ ಮುಚ್ಚಿತು. ಒಳದಾರಿಗಳಿಗೂ ಮಣ್ಣು ಸುರಿದರು. ಆಂಬುಲೆನ್ಸುಗಳು ವಾಪಸ್ಸು ಬಂದವು, ಚಿಕಿತ್ಸೆ ಸಿಗದೆ ಹಲವರು ತೀರಿಕೊಂಡರು, ಅವರಲ್ಲಿ ಹೆಚ್ಚಿನವರ ಕಾಯಿಲೆ ಕೋವಿಡ್ ಅಲ್ಲವೇ ಅಲ್ಲ. ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟು ಅಂತ ಹೋಯಿತು.

ನಮ್ಮ ಜಿಲ್ಲೆಯದೇ ಆದ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಅಡಿಗಲ್ಲು ಹಾಕಿದ್ದು 2013ರಲ್ಲಿ. ಅಲ್ಲಿ ರೋಗಿಗಳಿಗೆ ಹಾಸಿಗೆ ಹಾಕಿದ್ದು, ಗಡಿ ಮುಚ್ಚಿದ ಮೇಲೆ, 2020ರ ಏಪ್ರಿಲ್‌ನಲ್ಲಿ.